ಕಾವು ಪೆಟ್ಟಿಗೆಯ ಬಾಗಿಲು

ನಾನು ಕೆಮ್ಮಿದರೆ ಸಾಕು, ಮೊಟ್ಟೆ ಬಿರಿದು ಮರಿ ಎದ್ದು ನಿಲ್ಲುತ್ತದೆ. ಒಮ್ಮೆ ಜೋರಾಗಿ ಸೀನಿದ್ದಕ್ಕೆ ಪಕ್ಕದ ಅಂಗಡಿಯಲ್ಲಿ ಬೇಯಿಸಿಟ್ಟಿದ್ದ ಮೊಟ್ಟೆಯೂ ಕೂಗಿತ್ತು. ನಂಬದವರು ನಾನು ಕೆಲಸ ಮಾಡುವ, ಕೋಳಿಮರಿ ಮಾಡಿಸುವ ಹ್ಯಾಚರಿಯ ಮಾಲೀಕರನ್ನು ಕೇಳಬಹುದು. ನಗುತ್ತಾರೆಯೇ ಹೊರತು ಇಲ್ಲ ಅನ್ನುವುದಿಲ್ಲ.

ಇಷ್ಟು ದೊಡ್ಡ ಮನುಷ್ಯನ ಮಗಳು ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು. ಜ್ವರ ನೆತ್ತಿಗೇರಿ ಎಚ್ಚರ ತಪ್ಪಿದವಳು ಮತ್ತೆ ಎದ್ದಿರಲಿಲ್ಲ. ಡಾಕ್ಟರು ದಿನಾ ಬಂದು ರೆಪ್ಪೆ ಬಿಡಿಸಿ ಟಾರ್ಚು ಹಾಕಿ ನೋಡುತ್ತಿದ್ದರು, "ಕಾಯೋಣ" ಎಂದು ಹೋಗುತ್ತಿದ್ದರು. ನನ್ನ ಹೆಂಡತಿ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಮಗಳ ತುಟಿಗೆ ಒದ್ದೆ ಹತ್ತಿ ಒತ್ತುತ್ತಿದ್ದಳು.

"ಕೈಬಿಡಲ್ಲ ಅಂತ ದೇವರು ಮಾತು ಕೊಟ್ಟಿದಾನೆ ರೀ. ಮಾತು ಕೊಟ್ಟವರು ನೀವಲ್ಲವಲ್ಲ, ಅದೇ ನನಗೆ ಧೈರ್ಯ."

ನನಗೆ ಬರೀ ಮಾತು ಸಾಲಲಿಲ್ಲ, ಗುರುತು ಬೇಕಿತ್ತು. ಹ್ಯಾಚರಿಯಲ್ಲಿ ಮೊಟ್ಟೆಗೆ ಬಿಸಿ ಕೊಡುವ ಕಾವು ಪೆಟ್ಟಿಗೆಯಲ್ಲಿದ್ದ ಮೊಟ್ಟೆಗಳನ್ನು ತೋರಿಸಿ ದೇವರ ಜೊತೆ ಕರಾರು ಮಾಡಿಕೊಂಡೆ: ಇವು ಮರಿಯಾದರೆ ನನ್ನ ಮಗಳು ಏಳಬೇಕು. ದೇವರು ಹೂಂ ಅನ್ನುವವರೆಗೂ ಕಾಯದೆ ಹೆಂಡತಿಗೆ ಹೇಳಿಬಿಟ್ಟೆ.

"ತಲೆ ನೆಟ್ಟಗಿದೆಯಾ ನಿಮಗೆ? ದೇವರನ್ನೂ ಮೊಟ್ಟೆ ಮೇಲೆ ಕಾವಿಗೆ ಕೂರಿಸ್ತೀರಾ?" ಎಂದಳು.

ನಮ್ಮ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಉಂಟು. ಮರಿ ಬರುವ ಮುಂಚಿನ ಕೊನೆಯ ಮೂರು ದಿನ ಪೆಟ್ಟಿಗೆಯ ಬಾಗಿಲು ತೆಗೆಯುವಂತಿಲ್ಲ. ತೆಗೆದರೆ ಒಳಗಿನ ತೇವ ಹಾರಿಹೋಗುತ್ತದೆ. ಚಿಪ್ಪಿನೊಳಗಿನ ಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ. ಕೊಕ್ಕಿನಿಂದ ತೂತು ಕೊರೆದ ಮರಿ ಅಲ್ಲೇ ಸಿಕ್ಕಿಬಿದ್ದು ಸಾಯುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಕಿವಿ ಹಿಂಡಿ ಇದನ್ನು ಕಲಿಸುವವನು ನಾನೇ.

ಮರಿ ಬರಬೇಕಾದ ದಿನ ಮಧ್ಯಾಹ್ನ ವಾರ್ಡಿಗೆ ನುಗ್ಗಿದೆ.

"ಬಂದ್ವು ಕಣೇ! ಒಂದೂ ಬಿಡದೆ ಬಂದ್ವು! ಏನು ಗಲಾಟೆ ಅಂತೀಯಾ, ಬೀದೀಲಿ ಹಾರ್ನ್ ಹೊಡೀತಿದ್ದ ಬಸ್ಸುಗಳೆಲ್ಲ ನಾಚಿಕೊಂಡು ಸುಮ್ಮನಾದ್ವು. ಒಂದು ಮರಿಯಂತೂ ನನಗೆ ಸಲಾಮು ಹೊಡೀತು!"

ಪಕ್ಕದ ಮಂಚದ ಅಜ್ಜಿ ನಕ್ಕರು. ಹೆಂಡತಿ ನಗಲಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮರಿ ಬಂದ ದಿನ ನಿಮ್ಮ ಮೀಸೆ, ಕಿವಿ, ಹುಬ್ಬು ಎಲ್ಲಾ ಕಡೆ ಹಳದಿ ತುಪ್ಪಳ ಮೆತ್ತಿರುತ್ತೆ. ಬಾಗಿಲಲ್ಲೇ ನಿಲ್ಲಿಸಿ ಪೊರಕೇಲಿ ಗುಡಿಸಿದೀನಿ ನಿಮ್ಮನ್ನ. ಇವತ್ತು ಒಂದು ಎಳೇನೂ ಇಲ್ಲ."

"ಸ್ನಾನ ಮಾಡ್ಕೊಂಡು ಬಂದೆ."

"ನೀವಾ? ನಾನು ಬೈಯದೇನೇ?"

ಊರಿಗೇ ಸುಳ್ಳು ಸಾಲ ಕೊಡುವ ನನ್ನ ಬಳಿ ಆಗ ಒಂದೂ ಉಳಿದಿರಲಿಲ್ಲ. ಮಂಚದ ಕಂಬಿ ಹಿಡಿದುಕೊಂಡೆ.

"ಬರಲಿಲ್ಲ ಕಣೇ. ನಾನೇ ಬಾಗಿಲು ತೆಗೆದೆ."

"ಯಾಕ್ರೀ?"

"ಬದುಕಿದಾವೋ ಇಲ್ವೋ ಅಂತ. ಮುಚ್ತಿದ್ದೆ, ಮತ್ತೆ ಅನುಮಾನ ಬರೋದು, ಮತ್ತೆ ತೆಗೀತಿದ್ದೆ. ತೂತು ಬಿದ್ದಿತ್ತು, ಒಳಗಿಂದ ದನಿ ಕೇಳ್ತಿತ್ತು. ದನಿ ಕೇಳಿದ ಮೇಲೂ ತೆಗೆದೆ. ಬೆಳಿಗ್ಗೆ ಎಲ್ಲಾ ಸುಮ್ಮನಾಗಿದ್ವು."

ಅವಳು ಹತ್ತಿಯನ್ನು ಬಟ್ಟಲಿಗೆ ಹಾಕಿ ನನ್ನ ಕಡೆ ತಿರುಗಿದಳು.

"ಅದಕ್ಕೇ ಇನ್ನು ಮಗು ಏಳಲ್ಲ ಅಂತ ತೀರ್ಮಾನ ಮಾಡ್ಕೊಂಡು ಬಂದಿದೀರಾ?"

ಹೌದೆಂದು ತಲೆಯಾಡಿಸಿದೆ.

"ಮೊಟ್ಟೆ ಕರಾರು ನಿಮ್ಮದು. ದೇವರು ಅದಕ್ಕೆ ಒಪ್ಪಿರಲೇ ಇಲ್ಲ. ಅವನು ಕೊಟ್ಟ ಮಾತು ಬೇರೆ, ಅದು ಹಾಗೇ ಇದೆ." ಅವಳು ಮಗಳ ಹೊದಿಕೆ ಸರಿಪಡಿಸಿದಳು. "ನನಗೂ ದಿನಾ ಹೆದರಿಕೆ ಆಗುತ್ತೆ ರೀ. ಮಗು ಎದೆ ಮೇಲೆ ಕೈಯಿಟ್ಟು, ಉಸಿರಿದೆ ಅಂತ ನೋಡ್ಕೊಂಡು, ಆಮೇಲೆ ದೇವರನ್ನ ಕೇಳ್ಕೋತೀನಿ. ನೀವೂ ಕೇಳಿ. ಮಾತಿಗೆ ಅಲಂಕಾರ ಬೇಡ."

ಸ್ಟೂಲಿನಲ್ಲಿ ಅರ್ಧ ಜಾಗ ಬಿಟ್ಟಳು. ಕೂತೆ. ಮಗಳ ಪಾದ ಮುಟ್ಟಿದೆ, ತಣ್ಣಗಿತ್ತು. ಅವಳು ಕಣ್ಣು ತೆರೆಯಲಿಲ್ಲ, ಬೆರಳೂ ಅಲುಗಲಿಲ್ಲ. ಬೆಟ್ಟ ಸರಿಸುವಂಥ ಪ್ರಾರ್ಥನೆ ಮಾಡಿದೆ ಎಂದು ನಿಮಗೆ ಹೇಳಬಹುದಿತ್ತು. ಮಾಡಲಿಲ್ಲ.

"ದೇವರೇ, ನೀನು ಮಾತು ಕೊಟ್ಟಿದೀಯಂತೆ. ನನ್ನ ಕೈಲಿ ನಂಬೋಕೆ ಆಗ್ತಿಲ್ಲ" ಎಂದೆ.

ಅಷ್ಟೇ. ಅದಕ್ಕಿಂತ ಒಂದು ಪದ ಹೆಚ್ಚಿಗೆ ಹೇಳಿದ್ದರೂ ಸುಳ್ಳಾಗುತ್ತಿತ್ತು.