ಒನಕೆಯ ತಳ

ಸಂತೆಬಾಚಹಳ್ಳಿಯ ಬಡಗಿ ಕುಳ್ಳಾಚಾರಿ ಒನಕೆ ಮಾಡಿದರೆ ಅದರ ತಳ ಎಷ್ಟು ಮಟ್ಟಸವೆಂದರೆ, ಕನ್ನಂಬಾಡಿ ಕಟ್ಟೆಯ ನೀರು ತನ್ನ ಮಟ್ಟದ ಮೇಲೆ ಅನುಮಾನ ಬಂದಾಗಲೆಲ್ಲ ಬಂದು ಅದನ್ನು ನೋಡಿಕೊಂಡು ಹೋಗುತ್ತಿತ್ತು. ನಂಬದವರು ಕಟ್ಟೆಯನ್ನೇ ಕೇಳಬಹುದು.

ಇಂಥವನ ಹೆಸರನ್ನು ಗ್ರಹಣ ನುಂಗುತ್ತಿತ್ತು. ಸೂರ್ಯನಿಗೆ ಗ್ರಹಣ ಹಿಡಿದಾಗ ಊರ ಹೆಂಗಸರು ತಟ್ಟೆಗೆ ನೀರು ಹಾಕಿ ನಡುವೆ ಒನಕೆ ಇಡುತ್ತಾರೆ. ಯಾರ ಆಸರೆಯೂ ಇಲ್ಲದೆ ಅದು ನೆಟ್ಟಗೆ ನಿಂತರೆ, ನಿಲ್ಲಿಸಿದ್ದು ಗ್ರಹಣ ಎಂದು ನಂಬಿಕೆ. ಈ ಸಲ ಬೆಟ್ಟಮ್ಮನ ಅಂಗಳದಲ್ಲಿ ಒನಕೆ ನಿಂತಾಗ ಏಳೂರಿನ ಮೊಬೈಲುಗಳು ಮುತ್ತಿಕೊಂಡವು. ಎಲ್ಲರೂ ಆಕಾಶಕ್ಕೆ ಕೈ ಮುಗಿದರು. ಒನಕೆ ಮಾಡಿದವನತ್ತ ಒಂದು ನೊಣವೂ ತಿರುಗಲಿಲ್ಲ.

"ನಿಲ್ಸಿರದು ಗ್ರಹಣ ಅಲ್ಲ ಕಣಮ್ಮೋ, ನನ್ನ ಉಳಿ!" ಎಂದ ಕುಳ್ಳಾಚಾರಿ.

"ಸೂರ್ಯಂಗಿಂತ ನೀನು ದೊಡ್ಡೋನಾ? ಸುಮ್ಕಿರ್ಲಾ," ಎಂದಳು ಬೆಟ್ಟಮ್ಮ.

ಆ ಮಾತು ಅವನಿಗೆ ಮುಳ್ಳಿನಂತೆ ಚುಚ್ಚಿತು. ಗ್ರಹಣದ ಸುಳಿವೇ ಇಲ್ಲದ ಒಂದು ದಿನ ಸಂತೆಯ ನಟ್ಟನಡುವೆ ಒನಕೆ ನಿಲ್ಲಿಸಿದ. ಪಕ್ಕದಲ್ಲೇ ಕಬ್ಬಿನ ಲಾರಿ ಹೋಯಿತು. ನೆಲ ಅದುರಿ ಸಂತೆಯ ಟೊಮೆಟೊ ನಾಗಮಂಗಲದವರೆಗೆ ಉರುಳಿತು. ಒನಕೆ ಮಾತ್ರ ಅಲ್ಲಾಡಲಿಲ್ಲ.

"ಈಗೇನಂತೀರ್ಲಾ?" ಎಂದು ಕುಳ್ಳಾಚಾರಿ ಎದೆಯುಬ್ಬಿಸಿದ.

ಟೀ ಅಂಗಡಿಯ ಸಿದ್ದರಾಮು ಬಹಳ ಯೋಚಿಸಿದ. "ಅಮೇರಿಕ್ದಲ್ಲಿ ಇವತ್ತು ಗ್ರಹಣ ಇರ್ಬೇಕು ಕಣ್ಲಾ. ನಮ್ಗೆ ಕಾಣ್ದಿದ್ರೂ ಒನ್ಕೆಗೆ ಗೊತ್ತಾಯ್ತದೆ!"

ಸಂತೆಗೆ ಸಂತೆಯೇ ತಲೆದೂಗಿತು. ನಾಲ್ಕು ಮನೆಯವರು ಓಡಿಹೋಗಿ ಮಾಡಿಟ್ಟ ಸಾರು ಚೆಲ್ಲಿ ಸ್ನಾನವನ್ನೂ ಮಾಡಿಬಿಟ್ಟರು.

ಕುಳ್ಳಾಚಾರಿ ಹಲ್ಲು ಕಡಿದ. ಗ್ರಹಣಕ್ಕೆ ಅಷ್ಟು ತಾಕತ್ತಿದ್ದರೆ ಓರೆ ಒನಕೆಯನ್ನೂ ನಿಲ್ಲಿಸಲಿ! ಮುಂದಿನ ಗ್ರಹಣಕ್ಕೆ ಮುಂಚೆ ಬೆಟ್ಟಮ್ಮ ಒನಕೆಯ ತುದಿಯ ಕಬ್ಬಿಣದ ಬಳೆ ಬಿಗಿಮಾಡಿಸಲು ತಂದಾಗ, ತಳವನ್ನು ಒಂದು ರಾಗಿಕಾಳಿನಷ್ಟು ಓರೆಯಾಗಿ ಹೆರೆದುಕೊಟ್ಟ.

ಗ್ರಹಣ ಹಿಡಿಯಿತು. ಒನಕೆ ಧೊಪ್ಪನೆ ಬಿತ್ತು. ಎತ್ತಿ ನಿಲ್ಲಿಸಿದರು, ಮತ್ತೆ ಬಿತ್ತು. ಕುಳ್ಳಾಚಾರಿ ಬಾಯಿ ತೆರೆಯುವಷ್ಟರಲ್ಲಿ ಜನ ಕೂಗಿದರು:

"ಅಯ್ಯೋ, ಆಚಾರಿ ಕೈ ಕೆಟ್ಟೋಯ್ತು!"

ನಿಂತದ್ದಕ್ಕೆ ಗ್ರಹಣ, ಬಿದ್ದದ್ದಕ್ಕೆ ಆಚಾರಿ! ಸಂಜೆಯ ಹೊತ್ತಿಗೆ ಸುದ್ದಿ ಪಾಂಡವಪುರ ದಾಟಿ, ಕರಿಘಟ್ಟದ ಕೋತಿಗಳೂ ಅವನಿಗಾಗಿ ಮರುಗಿದವು. ಅವನು ಮೂರು ದಿನ ಉಳಿ ಮುಟ್ಟಲಿಲ್ಲ.

ನಾಲ್ಕನೆಯ ದಿನ ಬೆಟ್ಟಮ್ಮ ಒನಕೆ ಹೊತ್ತು ಬಂದಳು. "ತಳ ಸಮ ಮಾಡ್ಕೊಡ್ಲಾ. ಮುಂದ್ಲ ಗ್ರಹಣಕ್ಕೆ ನಿಂತ್ಕಬೇಕು."

"ಬೇಕಂತ್ಲೇ ಓರೆ ಮಾಡಿದ್ದು ಕಣಮ್ಮ. ನಿಲ್ಸದು ಗ್ರಹಣ ಅಲ್ವಾ? ಅದುನ್ನೇ ಕೇಳೋಗು."

ಬೆಟ್ಟಮ್ಮ ತಳ ನೋಡಿದಳು, ಆಕಾಶ ನೋಡಿದಳು, ಕೊನೆಗೆ ಅವನ ಮುಖ ನೋಡಿದಳು.

"ಗ್ರಹಣನೇ ನಿಲ್ಸದು. ಆದ್ರೆ ನಿನ್ ಉಳಿ ಇಲ್ದೆ ಅದ್ರ ಕೈಲೂ ಆಗಕಿಲ್ಲ, ಏನ್ಮಾಡದು!"

ಕುಳ್ಳಾಚಾರಿ ಉಳಿಗೆ ಕೈ ಹಾಕಿದ. ಅಷ್ಟಕ್ಕೇ ಅವನ ಎದೆ ಎಷ್ಟು ಉಬ್ಬಿತೆಂದರೆ, ಅಂಗಿಯ ಗುಂಡಿ ಕಿತ್ತುಹಾರಿ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಬಿತ್ತು.