ಇನ್ನೂ ಬಾರದ ಕೂಸು

ಬಿಳಿಯರ ದೊರೆ ಗುಲಾಮರ ಹಡಗು ನಿಲ್ಲಿಸಿದನೆಂಬ ಸುದ್ದಿ ನಮ್ಮ ಕಬ್ಬಿನ ತೋಟಕ್ಕೆ ಬಂದ ದಿನ ನಾವೆಲ್ಲ ಹುಚ್ಚರ ಹಾಗೆ ಕುಣಿದೆವು. ಇನ್ನು ನಮ್ಮ ಜನರನ್ನು ಸರಪಳಿ ಬಿಗಿದು ಜಮೈಕಕ್ಕೆ ತಂದು ಮಾರುವ ಹಾಗಿಲ್ಲವಂತೆ, ಕಡಲಾಚೆ ಕಾನೂನೇ ಆಗಿದೆಯಂತೆ. ಕುಣಿದದ್ದಷ್ಟೇ ಬಂತು. ಮಾರನೆಯ ಬೆಳಗ್ಗೆ ಕೆಲಸಕ್ಕೆ ಕರೆಯುವ ಶಂಖ ಊದಿದಾಗ ಅದೇ ಗುದ್ದಲಿ, ಅದೇ ಕಬ್ಬು, ಅದೇ ಚಾಟಿ.

ಬದಲಾದವನು ಬುಷಾ ಒಬ್ಬನೇ, ತೋಟ ನೋಡಿಕೊಳ್ಳುವ ಬಿಳಿಯ. ಮೊದಲು ಬಸುರಿಯರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. "ಸಾಕೋದಕ್ಕಿಂತ ಕೊಳ್ಳೋದೇ ಅಗ್ಗ" ಎನ್ನುತ್ತಿದ್ದ. ಹಡಗು ನಿಂತದ್ದೇ ತಡ, ಬಸುರಿಗೆ ಉಪ್ಪುಮೀನು, ಬಾಣಂತಿಗೆ ಹೊಸ ಬಟ್ಟೆ! ತೋಟದಲ್ಲಿ ಆರು ಮಕ್ಕಳು ಉಳಿದ ತಾಯಿ ಮತ್ತೆ ಗುದ್ದಲಿ ಹಿಡಿಯಬೇಕಾಗಿಲ್ಲ ಎಂಬ ಹಳೆಯ ಕಟ್ಟಳೆಯೂ ದಿಢೀರನೆ ನೆನಪಾಯಿತು. ಥೂ, ಅವನ ಅಕ್ಕರೆಗೆ ಬೆಂಕಿ ಹಾಕ.

ನನ್ನ ಪಕ್ಕದ ಸಾಲಿನಲ್ಲಿ ಅಗೆಯುತ್ತಿದ್ದ ಬೆನೆಬಾಗೆ ಐದು ಮಕ್ಕಳು, ಹೊಟ್ಟೆಯಲ್ಲಿ ಆರನೆಯದು.

"ಜೂಬಾ, ಇದೊಂದು ಉಳೀಲಿ ಕಣೆ. ಆಮೇಲೆ ನೀನು ಅಗೀತಿರು, ನಾನು ಬದು ಮೇಲೆ ಕೂತ್ಕೊಂಡು ನಿನಗೆ ಬುದ್ಧಿ ಹೇಳ್ತೀನಿ."

"ಹೇಳ್ತೀಯ, ಹೇಳ್ತೀಯ. ದೊಡ್ಡ ಮಹಾರಾಣಿ!" ಎಂದೆ.

ಗಂಡು ಹುಟ್ಟಿತು. ನಮ್ಮಲ್ಲಿ ಒಂಬತ್ತು ದಿನ ದಾಟುವವರೆಗೆ ಕೂಸು ಈ ಲೋಕದ್ದಲ್ಲ. ದವಡೆ ಕಚ್ಚಿಕೊಳ್ಳುವ ರೋಗ ಬಂದು ಎಷ್ಟೋ ಕೂಸುಗಳು ಅಷ್ಟರೊಳಗೇ ಹೋಗಿಬಿಡುತ್ತವೆ. ಹಾಗಾಗಿ ಹೆಸರಿಡುವುದಿಲ್ಲ, ಹುಟ್ಟಿತೆಂದು ಯಾರೆದುರೂ ಬಾಯಿ ಬಿಡುವುದಿಲ್ಲ. ಬಿಟ್ಟರೆ ಅದು ಬಂದಲ್ಲಿಗೇ ವಾಪಸು. ವಾರ ಕಳೆದಾಗ ಬುಷಾ ಗುಡಿಸಲಿಗೇ ಬಂದ. ಒಳಗೆ ಕೂಸು ಕಿರ್ರೆನ್ನುತ್ತಿತ್ತು.

"ಏನೇ ಮುದುಕಿ, ಬೆನೆಬಾ ಹೆತ್ತಳಾ?"

ಸೂಲಗಿತ್ತಿ ಕ್ವಾಶೆಬಾ ಅಜ್ಜಿ ಬಾಗಿಲಿಗೆ ಅಡ್ಡ ನಿಂತು, ಹೇಳಬೇಕಾದ್ದನ್ನೇ ಹೇಳಿದಳು. "ಇನ್ನೂ ಯಾರೂ ಬಂದಿಲ್ಲ ಧಣಿ."

ನಮ್ಮ ಪದ್ಧತಿ ಅವನಿಗೆ ಗೊತ್ತಿಲ್ಲದ್ದೇನಲ್ಲ. ಒಳಗೊಳಗೇ ನಗುತ್ತ ಹೋದ.

ಮರುದಿನವೇ ಬೆನೆಬಾಳ ಹಿರಿಮಗಳು ಮಿಂಬಾಳನ್ನು ಗಾಡಿ ಹತ್ತಿಸಿದ. ಮೊನ್ನೆ ಮೊನ್ನೆ ಮೈನೆರೆದ ಹುಡುಗಿ. ಹಡಗು ನಿಂತ ಮೇಲೆ ಅಂಥವಳಿಗೆ ಬಂದ ಬೆಲೆ ಹೋರಿಗೂ ಇಲ್ಲ. ಬೆಟ್ಟದಾಚೆಯ ತೋಟದವರು ಕೊಂಡರು. ಹಸಿಬಾಣಂತಿ ಬೆನೆಬಾ ಗಾಡಿಯ ಹಿಂದೆ ಓಡಿದಳು. ನಾನು ತಬ್ಬಿ ಹಿಡಿದುಕೊಂಡೆ.

"ಮಾರೋ ಹಾಗಿಲ್ಲ ಅಂತ ಕಾನೂನು ಆಗಿದೆಯಲ್ಲ ಧಣಿ!" ಎಂದು ಅರಚಿದಳು.

"ಕಾನೂನು ಆಗಿರೋದು ಹಡಗಿಗೆ. ಇದು ಎತ್ತಿನ ಗಾಡಿ" ಎಂದ ಬುಷಾ.

ಒಂಬತ್ತು ದಿನ ದಾಟಿತು, ಕೂಸು ಉಳಿಯಿತು. ಅಜ್ಜಿ ನೀರೆರೆದು, ತುಟಿಗೆ ಒಂದು ತೊಟ್ಟು ರಮ್ ಸವರಿ, ಕ್ವಾಕೊ ಎಂದು ಹೆಸರಿಟ್ಟಳು. ಬೆನೆಬಾ ಅದನ್ನೆತ್ತಿಕೊಂಡು ಬುಷಾನ ಮುಂದೆ ಹೋಗಿ ನಿಂತಳು. ನಾನೂ ಜೊತೆಗಿದ್ದೆ.

"ಆರಾಯ್ತು ಧಣಿ."

"ಎಲ್ಲಿ ಆರು? ನನ್ನ ತೋಟದಲ್ಲಿರೋದು ಐದೇ."

"ಮಿಂಬಾ ಇದ್ದಾಗಲೇ ಇದು ಹುಟ್ಟಿತ್ತು."

"ನಿಮ್ಮಜ್ಜೀನೇ ಹೇಳಿದ್ಲಲ್ಲೇ, ಇನ್ನೂ ಯಾರೂ ಬಂದಿಲ್ಲ ಅಂತ? ನಿಮ್ಮ ಪದ್ಧತೀನ ನಾನ್ಯಾಕೆ ಮುರೀಲಿ?" ಹೊಸ ಬಟ್ಟೆಯ ತುಂಡೊಂದನ್ನು ಅವಳ ಹೆಗಲಿಗೆ ಎಸೆದ. "ಗಟ್ಟಿಮುಟ್ಟಾಗಿದ್ದೀಯ. ಇನ್ನೊಂದು ಹೆರು, ಆರಾಗುತ್ತೆ."

ಅಯ್ಯೋ, ನಮ್ಮ ನಂಬಿಕೆಯಿಂದಲೇ ನಮ್ಮ ಕತ್ತು ಕೊಯ್ದನಲ್ಲ ಪಾಪಿ! ಬೆನೆಬಾ ಮಾತ್ರ ಅಳಲಿಲ್ಲ. ಸೀದಾ ಅಜ್ಜಿಯ ಗುಡಿಸಲಿಗೆ ನಡೆದು, ಆ ಬಟ್ಟೆಯನ್ನು ಒಲೆಗೆ ತುರುಕಿದಳು.

"ಅಜ್ಜಿ, ಬಸುರು ನಿಲ್ಲದ ಹಾಗೆ ಮಾಡೋ ಬೇರು ಇದೆಯಲ್ಲ, ಅರೆದು ಕೊಡು."

"ಹುಚ್ಚು ಮುಂಡೇದೇ, ಇನ್ನೊಂದೇ ಒಂದಾದ್ರೆ ಗುದ್ದಲಿ ತಪ್ಪುತ್ತೆ ಕಣೇ! ಇದನ್ನ ಕುಡಿದ್ರೆ ಸಾಯೋವರೆಗೂ ಅಗೀತಾ ಇರಬೇಕು."

"ಅಗೀತೀನಿ" ಎಂದಳು ಬೆನೆಬಾ. "ದೊರೆ ಅವನ ಹಡಗು ನಿಲ್ಲಿಸಿದ. ನನ್ನ ಹಡಗು ನಾನು ನಿಲ್ಲಿಸ್ತೀನಿ."

ಅಜ್ಜಿ ಬೇರು ಅರೆದಳು. ಬೆನೆಬಾ ಗಟಗಟನೆ ಕುಡಿದು ಬಟ್ಟಲು ಕೆಳಗಿಟ್ಟಳು. ಮರುದಿನ ಶಂಖ ಊದಿದಾಗ, ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ನನ್ನ ಪಕ್ಕದ ಸಾಲಿಗೆ ಬಂದು ನಿಂತಳು.