ಕೋಟೆ ಬಯಲಿನ ಸುಣ್ಣದ ಗೆರೆ

“ಲೇ ತಿಮ್ಮ, ಸುಣ್ಣದ ಗೆರೆ ಮ್ಯಾಲೆ ಹೂವು ಮಡಗಿದ್ದು ಯಾವ ಬೋಳಿಮಗ ಕಣೋ?”

ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ದೇವೇಂದ್ರ ಹಾಗೆ ಕೇಳಿದಾಗ ನಾನು ತಲೆಯ ವಸ್ತ್ರ ತೆಗೆದು ಕಂಕುಳಲ್ಲಿ ಇಟ್ಟುಕೊಂಡೆ. ನಾನೇ ಇಟ್ಟದ್ದು ಎಂದೆ. ಬೈಗುಳ ನನಗೆ ತಾಗಲಿಲ್ಲ. ಆ ಬೆಳಿಗ್ಗೆ ನನ್ನ ಮನಸ್ಸು ತುಂಬಿತ್ತು.

ನಮ್ಮ ಕೋಟೆಬೈಲು ಪಟ್ಟಣ ಕಟ್ಟಿ ನಾನೂರು ವರ್ಷವಾಯಿತೆಂದು ಆ ಬೇಸಿಗೆ ದೊಡ್ಡ ಉತ್ಸವದ ಏರ್ಪಾಡು ನಡೆದಿತ್ತು. ಮಂತ್ರಿಗಳು ಬರುವವರಿದ್ದರು. ಎಸ್ಟೇಟಿನ ಧಣಿ ಏಕಾಂತಯ್ಯನವರೇ ಸಮಿತಿಯ ಅಧ್ಯಕ್ಷರು. ಸಕಲೇಶಪುರದಿಂದ ಪೆಂಡಾಲಿನವರು, ಹಾಸನದಿಂದ ದೀಪದವರು ಬಂದು ಅಳತೆ ಮಾಡಿಕೊಂಡು ಹೋಗಿದ್ದರು. ಪಾಳೇಗಾರನ ಕೋಟೆಯ ಮೇಲೆ ಬೆಳೆದ ಪೊದೆ ಸವರುವ ಕೆಲಸ ನಮ್ಮ ಕೇರಿಗೆ ಬಂದಿತ್ತು. ಆ ಕೋಟೆಯ ಕಲ್ಲು ಹೊತ್ತವರು ನಮ್ಮ ಹಿರಿಯರೆಂದು ನನ್ನಪ್ಪ ಹೇಳುತ್ತಿದ್ದ. ಹೊರುತ್ತ ಸತ್ತವರನ್ನು ಕೋಟೆಯ ಕೆಳಗಿನ ಬಯಲಿನಲ್ಲಿ ಹೂತರಂತೆ. ಅಲ್ಲಿಂದೀಚೆಗೆ ಕೇರಿಯಲ್ಲಿ ಸತ್ತವರೆಲ್ಲ ಅಲ್ಲಿಗೇ ಹೋದರು.

ನನ್ನ ಮಗಳು ಗಂಗಾಮಣಿಯೂ ಅಲ್ಲೇ ಇದ್ದಾಳೆ. ಮೂರು ವರ್ಷದ ಹಿಂದೆ ಕಾಫಿ ಕುಯ್ಯುವಾಗ ಅವಳಿಗೆ ಹಾವು ಕಚ್ಚಿತು. ಎಸ್ಟೇಟಿನ ಜೀಪು ಧಣಿಗಳ ನೆಂಟರನ್ನು ಕರೆತರಲು ವನಗೂರಿಗೆ ಹೋಗಿತ್ತು. ಅದು ಬರುವವರೆಗೆ ಅವಳು ಕಾಯಲಿಲ್ಲ.

ಹಿರಿಯರ ಹಬ್ಬದ ದಿನ ನಾವು ಹೂತ ಗುಂಡಿಗಳ ಸುತ್ತ ಸುಣ್ಣದ ಗೆರೆ ಎಳೆಯುತ್ತೇವೆ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ಎಡೆ ಇಡುತ್ತೇವೆ. ಗೆರೆಯೊಳಗೆ ಯಾರೂ ಮೆಟ್ಟು ಹಾಕಿಕೊಂಡು ಕಾಲಿಡುವುದಿಲ್ಲ. ಆ ಬೆಳಿಗ್ಗೆ, ಹಬ್ಬವಲ್ಲದ ದಿನ, ಬಯಲಿನ ತುಂಬ ಯಾರೋ ಗೆರೆ ಎಳೆದಿದ್ದರು. ನನ್ನ ಹೆಂಡತಿ ಚೆಲುವಮ್ಮ ನಿಂತಲ್ಲೇ ಕೈಮುಗಿದಳು.

“ದೊಡ್ಡೋರು ನಮ್ಮೋರ್ನೂ ನೆನ್ಸ್ಕಂಡವ್ರೆ, ನೋಡು. ನಮ್ ಮಗೀಗೂ ಗೆರೆ ಎಳ್ದವ್ರೆ” ಎಂದು ಅತ್ತಳು.

ನಾನೂ ಹಾಗೆಯೇ ತಿಳಿದೆ. ಶಿವ ಯಾರ ಮನಸ್ಸನ್ನು ಯಾವಾಗ ತಿರುಗಿಸುತ್ತಾನೋ ಎಂದುಕೊಂಡು ಹೂವಿಟ್ಟು ಕಾಯಿ ಒಡೆದೆ.

ಇದನ್ನೆಲ್ಲ ರೈಟರಿಗೆ ಹೇಳಿ, ಅಯ್ಯನವರಿಗೆ ಅಡ್ಡಬೀಳಬೇಕು ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ನಗು ನುಂಗಿಕೊಂಡು, ಬಾ, ನೀನೇ ಹೇಳುವೆಯಂತೆ ಎಂದು ಕರೆದುಕೊಂಡು ಹೋದ.

ಸಮಿತಿ ಈಶ್ವರನ ಗುಡಿಯ ಮಂಟಪದಲ್ಲಿ ಸೇರಿತ್ತು. ನಾವು ಹತ್ತದ ಮಂಟಪ ಅದು. ಹುಟ್ಟಿದಾಗಿನಿಂದ ನಾನು ಮೆಟ್ಟಿಲಿನ ಕೆಳಗೆ ನಿಂತೇ ಆ ಶಿವನಿಗೆ ಕೈಮುಗಿದವನು. ಅಂಗಳದಲ್ಲಿ ಅಡ್ಡಬಿದ್ದೆ. ರೈಟರ್ ನನ್ನ ಮಾತನ್ನು ನನ್ನ ದನಿಯಲ್ಲೇ ಅಣಕಿಸಿ ಹೇಳಿದ. ನಕ್ಕು ನಕ್ಕು ಒಬ್ಬರು ಪಂಚೆಯ ಮೇಲೆ ಕಾಫಿ ಚೆಲ್ಲಿಕೊಂಡರು.

“ಪಾಪ, ಭಕ್ತ ಕಣ್ರೀ. ಕಾರು ನಿಲ್ಸೋ ಜಾಗಕ್ಕೆ ಕಾಯಿ ಒಡ್ದಿದಾನೆ” ಎಂದರು ಅರ್ಚಕರು.

ಏಕಾಂತಯ್ಯನವರು ಮಾತ್ರ ನಗಲಿಲ್ಲ. ಬಯಲನ್ನು ಮಟ್ಟ ಮಾಡಲು ನಾಳೆ ಬೆಳಿಗ್ಗೆ ಟ್ರ್ಯಾಕ್ಟರ್ ಬರುತ್ತದೆ ಎಂದರು. ನನ್ನ ಮಗಳು ಅಲ್ಲಿದ್ದಾಳೆ ಬುದ್ಧಿ ಎಂದೆ.

“ಸತ್ತೋರ್ಗೆ ಯಾವ ಜಾಗ ಆದ್ರೇನ್ಲಾ? ಅಷ್ಟು ಪಿರೂತಿ ಇದ್ರೆ ಮೂಳೆ ಅಗ್ಕಂಡ್ ಹೋಗು, ಎಲ್ಲಾದ್ರೂ ಮಡೀಕ. ನಾಳೀಕೆ ಮಣ್ಣು ಎಳಿಯಾಕೆ ನಿಮ್ ಕೇರಿಯೋರೇ ಬರ್ಬೇಕು. ಕೂಲಿ ಐತೆ.”

ಮಧ್ಯಾಹ್ನ ನಾನು ಅಗೆದೆ. ನೆರೆಮನೆಯ ಕರಿಯಪ್ಪ ಗುದ್ದಲಿ ತಂದವನು ಮುಖ ತಿರುಗಿಸಿಕೊಂಡು ನಿಂತುಬಿಟ್ಟ. ಅವನ ಅವ್ವನನ್ನೂ ಆಚೆ ಗೆರೆಯೊಳಗೇ ಹೂತಿದ್ದರು. ಕೆಂಪು ಮಣ್ಣಿನಲ್ಲಿ ಮೊದಲು ಬಳೆಚೂರು ಸಿಕ್ಕಿತು. ನಾನು ಒಂದೊಂದೇ ಮೂಳೆ ಎತ್ತಿ ಕೊಟ್ಟ ಹಾಗೆಲ್ಲ ಚೆಲುವಮ್ಮ ತನ್ನ ಮದುವೆಯ ಸೀರೆಯಲ್ಲಿ ಇಟ್ಟುಕೊಂಡಳು. ತಲೆಗೂದಲು ಇನ್ನೂ ಇತ್ತು. ಅವಳು ಬೆರಳಿನಿಂದ ಅದರ ಮಣ್ಣು ಬಿಡಿಸುತ್ತ, ನೋವಾಗದ ಹಾಗೆ ಸಿಕ್ಕು ತೆಗೆಯುತ್ತ ಬಹಳ ಹೊತ್ತು ಕೂತಿದ್ದಳು. ಕೂದಲನ್ನು ಅವಳಿಗೇ ಬಿಟ್ಟು ನಾನು ಮೂಳೆಗಳನ್ನು ಸೀರೆಯಲ್ಲಿ ಗಂಟು ಕಟ್ಟಿದೆ.

ಸಂಜೆ ಗುಡಿಗೆ ಬಂದಾಗ ಸಮಿತಿ ಇನ್ನೂ ಕೂತಿತ್ತು. ಮಂತ್ರಿಗಳಿಗೆ ಯಾವ ಬಣ್ಣದ ಶಾಲು ಹೊದಿಸುವುದು ಎಂದು ಚರ್ಚೆ ನಡೆದಿತ್ತು. ನಾನು ಕೊಳದಲ್ಲಿ ಕಾಲು ತೊಳೆದೆ. ಶಿವಶಿವಾ ಎಂದು ಗಂಟು ಹೊತ್ತು ಮೆಟ್ಟಿಲು ಹತ್ತಿದೆ; ಹಿಂದೆಯೇ ಚೆಲುವಮ್ಮ ಹತ್ತಿದಳು. ರೈಟರ್ ಕೂಗುತ್ತ ಓಡಿಬಂದವನು ಗಂಟು ಕಂಡು ಹಿಂದೆ ಸರಿದ. ಯಾರೂ ನನ್ನನ್ನು ಮುಟ್ಟಲಿಲ್ಲ. ಏಕಾಂತಯ್ಯನವರ ಮುಂದೆ ಹರಡಿದ್ದ ಉತ್ಸವದ ನಕ್ಷೆಯ ಮೇಲೆ ನನ್ನ ಮಗಳನ್ನು ಇಳಿಸಿದೆ.

“ಅಗ್ದೀವ್ನಿ ಅಯ್ಯ. ಎಲ್ಲಿ ಮಡಗ್ಲಿ, ನೀವೇ ಹೇಳಿ.”

ಅರ್ಚಕರು ಗರ್ಭಗುಡಿಯ ಬಾಗಿಲು ಹಾಕಲು ಓಡಿದರು. ಅದರ ಹೊಸ್ತಿಲ ಮೇಲೆ ಚೆಲುವಮ್ಮ ಕೂತಿದ್ದಳು, ಮಡಿಲಲ್ಲಿ ಮಗಳ ಕೂದಲು ಇಟ್ಟುಕೊಂಡು, ಮೂರು ಎಳೆ ಮಾಡಿ ಜಡೆ ಹೆಣೆಯುತ್ತಿದ್ದಳು.